ಎರಡು ಗೀಟಿನ ಟಿಕೀಟು

ನಾನು ಕೂಡಿಸುವುದು ಸರ್ಕಾರದ ಅಂಚೆ ಟಿಕೀಟುಗಳನ್ನಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ನಡುವೆ ಒಂದು ಕಾಲಕ್ಕೆ ಖಾಸಗಿ ಬಸ್ಸುಗಳ ಮೇಲೆ ಪಾರ್ಸೆಲ್ ಸಾಗಿಸುತ್ತಿದ್ದ ಸಣ್ಣ ಕಂಪನಿಯೊಂದು ತನ್ನದೇ ಟಿಕೀಟು ಅಚ್ಚು ಹಾಕಿಸಿ ಗಂಟಿಗೆ ಅಂಟಿಸುತ್ತಿತ್ತು. ಜನ ಅದನ್ನು ಬರೇ ‘ಎಕ್ಸ್‌ಪ್ರೆಸ್ ಕಂಪನಿ’ ಎನ್ನುತ್ತಿದ್ದರು. ಇಟ್ಟಂಗಿ ಬಣ್ಣ, ನಡುವೆ ಒಂದು ಬಸ್ಸು; ಚಿತ್ರ ಬರೆದವನಿಗೆ ಎಮ್ಮೆಯ ರೂಢಿ ಹೆಚ್ಚಿದ್ದಂತೆ ಕಾಣುತ್ತದೆ. ಅಂಚಿನ ತೂತುಗಳನ್ನು ದಾರವಿಲ್ಲದ ಹೊಲಿಗೆ ಯಂತ್ರದಲ್ಲಿ ಹೊಡೆದದ್ದು. ಈ ಟಿಕೀಟುಗಳನ್ನು ಅಭ್ಯಾಸ ಮಾಡಿದವರಲ್ಲಿ ಇಡೀ ಜಿಲ್ಲೆಗೆ ನಾನೇ ಮೊದಲಿಗ. ಎರಡನೆಯವನು ಇಲ್ಲ.

ನನ್ನ ಇನ್ನೊಂದು ಚಟ ಮಂದಿಯ ದನಿ ಕದಿಯುವುದು. ಹಾಲಿನವನು, ಸಾಲಿಯ ಹೆಡ್‌ಮಾಸ್ತರು, ನಮ್ಮ ಮಾವನ ಗೊರಕೆ, ಯಾವುದನ್ನೂ ಬಿಟ್ಟವನಲ್ಲ. ಮನೆಗೆ ಫೋನ್ ಮಾಡಿದರೆ ಅವ್ವ ಮೊದಲು ಕೇಳುವುದು, “ಇವತ್ತ ಯಾರಾಗಿ ಮಾತಾಡಾಕತ್ತಿಯೋ?”

ಮೂಡಲಗಿಯ ಗುಜರಿ ಅಂಗಡಿಯಲ್ಲಿ ಒಂದು ಡಬ್ಬಿಯ ತಳಕ್ಕೆ ಹಾಸಿದ್ದ ಪಾರ್ಸೆಲ್ ಕಾಗದ ಸಿಕ್ಕಿತು. ಮೇಲೆ ಒಬ್ಬ ಹೆಂಗಸಿನ ಹೆಸರು; ವಿಳಾಸದ ಜಾಗದಲ್ಲಿ ‘ಕೌಜಲಗಿ ಹಾದಿ, ಕುರಿ ಇದ್ದಲ್ಲಿ’ ಎಂದಷ್ಟೇ. ಅದಕ್ಕೆ ಅಂಟಿದ್ದ ಟಿಕೀಟಿನ ಮೇಲೆ ಪೆನ್ಸಿಲ್ಲಿನ ಎರಡು ಗೀಟು. ನನ್ನ ಹತ್ತಿರ ಇದ್ದ ಕುರಿಗಾರರ ಟಿಕೀಟುಗಳ ಮೇಲೆಲ್ಲ ಮೂರು ಗೀಟು ಇದ್ದವು. ಎರಡರದ್ದು ಇದೊಂದೇ. ಬಂಗಾರ ಸಿಕ್ಕವನಂತೆ ಹುಕ್ಕೇರಿಗೆ ಓಡಿದೆ. ಆ ಕಂಪನಿಯ ಪಾರ್ಸೆಲ್ಲುಗಳನ್ನು ಬಸ್ಸಿನಿಂದ ಇಳಿದು ಮುಟ್ಟಿಸುತ್ತಿದ್ದ ಮುದುಕರೊಬ್ಬರು ಅಲ್ಲಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

“ವಯಸ್ಸಿನ ಹುಡುಗೂರು ಹುಡಿಗ್ಯಾರ ಹಿಂದ ಬೀಳತಾರ. ನೀ ನಮ್ಮ ಹರಕ ಚೀಟಿ ಹಿಂದ ಬಿದ್ದಿಯಲ್ಲೋ,” ಎಂದರು.

“ಚೀಟಿ ಬೈಯೂದಿಲ್ಲರಿ ಕಾಕಾ.”

ಗೀಟಿನ ಲೆಕ್ಕ ಅವರೇ ಬಿಡಿಸಿದರು. ಕುರಿಗಾರರಿಗೆ ಊರಿಲ್ಲ, ಮನೆ ನಂಬರಿಲ್ಲ. ಬಸ್ಸು ನಿಂತಲ್ಲಿ ಇಳಿದು, ದಿಬ್ಬದ ಕಡೆ ಮುಖ ಮಾಡಿ ಹೆಸರು ಹಿಡಿದು ಕೂಗಬೇಕು. ಒಂದು ಕೂಗಿಗೆ ಒಂದು ಗೀಟು. ಹೊತ್ತು ಮುಳುಗುವಾಗ ಮೂರನೇ ಕೂಗು ಬೀಳುವ ತನಕ ಯಾರೂ ಓಗೊಡುವುದಿಲ್ಲ. ಮನುಷ್ಯನಲ್ಲದ್ದು ಗುರುತಿನವರ ದನಿ ಹೊತ್ತುಕೊಂಡು ಬರುತ್ತದೆ, ಎರಡೇ ಸಲ ಕರೆಯುತ್ತದೆ, ಮೂರನೆಯದು ಅದರ ಕೈಲಾಗದು. ಇದು ಈ ಸೀಮೆಯ ಮಕ್ಕಳಿಗೂ ಗೊತ್ತು.

“ಮತ್ತ ಇದಕ್ಕ ಎರಡ ಯಾಕ್ರಿ?”

ಕಾಕಾ ಕಾಗದ ತಿರುಗಿಸಿ ನೋಡಿದರು. “ಡ್ರೈವರ ಹಾರ್ನ್ ಹೊಡದ. ಎರಡ ಕೂಗಿ ಬಸ್ ಹತ್ತಿದೆ. ಕುರಿ ಔಷಧ ಇತ್ತು. ಗೋಕಾಕ ಫಾಲ್ಸಿನ ನೂಲಿನ ಗಿರಣ್ಯಾಗ ಕೆಲಸಕ್ಕಿದ್ದ ಆಕಿ ಅಣ್ಣ ಕಳಿಸಿದ್ದ. ಆ ವರ್ಷ ಕುರಿಗೆ ಬ್ಯಾನಿ ಬಿದ್ದಿತ್ತು. ಮರುದಿನ ಹೋದ್ರ ಅವರು ಅಲ್ಲಿರಲಿಲ್ಲ.” ಕಾಗದ ನನಗೆ ಮರಳಿಸುತ್ತ, “ಈಗ ಕೌಜಲಗಿ ಅಂಚಿಗೆ ಮನಿ ಕಟ್ಟ್ಯಾರಂತ,” ಎಂದರು.

ಹೇಗೆ ಕೂಗುತ್ತಿದ್ದಿರಿ ಎಂದು ಕೇಳಿದೆ. ಕೂಗಿ ತೋರಿಸಿದರು. ಹೆಸರಿನ ಮೊದಲ ಅಕ್ಷರ ಎದೆಯಿಂದ ಏಳುತ್ತಿತ್ತು, ಕೊನೆಯದು ಬಾವಿಗೆ ಇಳಿದಂತೆ ಇಳಿಯುತ್ತಿತ್ತು. ದಾರಿಯುದ್ದಕ್ಕೂ ಅದನ್ನೇ ಗುನುಗಿದೆ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಾಕೆ ಎದ್ದು ಬೇರೆ ಸೀಟಿಗೆ ಹೋದಳು.

ಕೌಜಲಗಿಗೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಊರ ಅಂಚಿನ ಮನೆ, ಮುಂದೆ ಮುಳ್ಳುಬೇಲಿ, ಒಳಗೆ ಹತ್ತಾರು ಕುರಿ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ. ನಮಸ್ಕಾರ್ರಿ ಎನ್ನಬೇಕಿತ್ತು. ಬದಲಿಗೆ ಬೇಲಿಯಾಚೆ ನಿಂತು ಕಾಕಾನ ದನಿಯಲ್ಲಿ ಆ ಹೆಸರು ಕೂಗಿದೆ. ಇನ್ನೊಮ್ಮೆ ಕೂಗಿದೆ. ಮೂರನೆಯದಕ್ಕೆ ನಗು ಬಂದು ಕೂಗಲಾಗಲಿಲ್ಲ.

ರೊಟ್ಟಿಯ ಸಪ್ಪಳ ನಿಂತಿತ್ತು. ಕುರಿಗಳು ಒಂದೂ ಬಿಡದೆ ತಲೆಯೆತ್ತಿ ನನ್ನ ಕಡೆ ತಿರುಗಿ ನಿಂತಿದ್ದವು. ಒಂದೂ ಮೆಲುಕು ಹಾಕುತ್ತಿರಲಿಲ್ಲ. ನನ್ನ ನಗು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಬಹಳ ಹೊತ್ತಿಗೆ ಒಬ್ಬ ಮುದುಕಿ ಮುಷ್ಟಿಯಲ್ಲಿ ಭಂಡಾರ, ದೇವರ ಅರಿಶಿಣದ ಪುಡಿ, ಹಿಡಿದು ಹೊರಗೆ ಬಂದಳು. ಮೊದಲು ನೋಡಿದ್ದು ನನ್ನ ಪಾದಗಳನ್ನು. ಅವು ಮುಂದಕ್ಕೇ ಇದ್ದವು. ಆದರೂ ಒಮ್ಮೆ ನಾನೂ ನೋಡಿಕೊಂಡೆ.

“ಆ ದನಿ ಎಲ್ಲಿ ತಂದಿಯೋ ತಮ್ಮಾ?”

“ನಕಲಿ ಮಾಡೂ ಚಟರಿ ಆಯಿ. ಸುಮ್ಮ ಹಂಗ.”

“ಸುಮ್ಮ ಹಂಗ ಬರೂ ದನಿ ಅಲ್ಲ ಅದು.” ಬೇಲಿ ಹಿಡಿದು ನಿಂತಳು. “ಕುರಿ ಬ್ಯಾನಿ ಬಂದ ವರ್ಷ ಇದ ದನಿ ನನ್ನ ಕರೀತು. ಎರಡ ಸಲ. ಬಾಜೂಕ ನನ್ನ ಗಂಡ ಜ್ವರಾ ಬಂದು ಮಲಗಿದ್ದ. ನಾ ಬಾಯಿಗೆ ಸೆರಗ ಒತ್ತಿ ಕುಂತೆ. ಕುರಿ ಎಲ್ಲಾ ಹೋದ್ವು, ಕೂಲಿಗೆ ಬಿದ್ದಿವಿ. ನಾ ಓ ಅಂದಿದ್ರ ಗಂಡನ್ನೂ ಒಯ್ತಿತ್ತು. ಸುಮ್ಮ ಕುಂತು ಅವನ್ನ ಉಳಿಸ್ಕೊಂಡೆ.”

ಅವನ್ನ ಎಂದಾಗ ಆಕೆಯ ಗದ್ದ ಮನೆಯ ಒಳಗೆ ತೋರಿಸಿತು. ಕತ್ತಲಲ್ಲಿ ಹೊರಸಿನ ಮೇಲೆ ಯಾರೋ ಕೆಮ್ಮಿದರು. ನನ್ನ ಕಿಸೆಯ ಕಾಗದ ಒಮ್ಮೆಲೇ ಭಾರವಾಯಿತು. ಅಂದು ಬಂದದ್ದು ಔಷಧ. ಓ ಎಂದಿದ್ದರೆ ಕುರಿ ಉಳಿಯುತ್ತಿದ್ದವೇನೋ. ಈಕೆ ಇಷ್ಟು ವರ್ಷ ಯಾವುದರ ಮೇಲೆ ಸಂಸಾರ ಕಟ್ಟಿದ್ದಳೋ ಅದನ್ನು ಬೀಳಿಸಲು ಈ ಒಂದು ಟಿಕೀಟು ಸಾಕಿತ್ತು. ಬರ್ತೇನ್ರಿ ಎಂದು ಹೊರಟೆ.

ಡಾಂಬರು ರಸ್ತೆ ಇನ್ನೂ ಅಷ್ಟು ದೂರ ಇರುವಾಗ ಹಿಂದಿನಿಂದ ಆಕೆ ನನ್ನ ಹೆಸರು ಹಿಡಿದು ಕರೆದಳು. ನಿಂತೆ. ಇನ್ನೊಮ್ಮೆ ಕರೆದಳು. ಆಕೆಗೆ ಖರೆ ಏನೆಂದು ಕೇಳಬೇಕೆನಿಸಿರಬೇಕು; ಇಂದಾದರೂ ಎರಡನೇ ಕೂಗಿಗೇ ಯಾರಾದರೂ ಓಗೊಡಲಿ ಎಂದು “ಓ” ಎಂದೆ. ತಿರುಗಿ ಬಂದೆ.

ಬಿಟ್ಟಲ್ಲೇ ನಿಂತಿದ್ದಳು.

“ಕರದ್ರೇನ್ರಿ ಆಯಿ?”

“ನಾ ಕರದಿಲ್ಲ,” ಎಂದಳು. “ನಿನ್ನ ಹೆಸರ ಏನಂತ ಕರೀಲಿ? ನೀ ಹೇಳೇ ಇಲ್ಲ.”

ಹೇಳಿರಲಿಲ್ಲ. ಬಾಯಿ ತನ್ನಷ್ಟಕ್ಕೆ ಎಲ್ಲ ಹೇಳಿಬಿಟ್ಟಿತು: ಹುಕ್ಕೇರಿಯ ಕಾಕಾ, ಬಸ್ಸಿನ ಹಾರ್ನ್, ಅಣ್ಣ ಕಳಿಸಿದ ಔಷಧ. ಕಾಗದ ಕೊಟ್ಟೆ. ಆಕೆಗೆ ಓದು ಬರದು. ಉಗುರಿನಿಂದ ಗೀಟುಗಳನ್ನು ಮುಟ್ಟಿ ನೋಡಿದಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ.

“ಹಂಗಾದ್ರ ಅವತ್ತ ನನ್ನ ಕರದಾಂವ ಮನುಷ್ಯಾ.”

“ಹೌದ್ರಿ.”

“ಈಗ ನಿನ್ನ ಕರದಾಂವ?”

ನಾನು ರಸ್ತೆಯ ಕಡೆ ನೋಡಲಿಲ್ಲ. ಆಕೆ ಭಂಡಾರವನ್ನು ನನ್ನ ಹಣೆಗೆ ಒತ್ತಿ, ಕಾಗದವನ್ನು ನನ್ನ ಕಿಸೆಗೇ ತುರುಕಿ, ತನ್ನ ತುಟಿಯ ಮೇಲೆ ಬೆರಳಿಟ್ಟಳು.

ಒಳಗಿನಿಂದ ಮುದುಕನ ದನಿ ಬಂತು. “ಏ, ಯಾರೋ ಕರದಂಗಾತಲ್ಲ? ಎರಡ ಸಲ?”

“ಹೂಂ.”

“ಮೂರನೇದ್ದು ಬಂತೇನ?”

“ಇಲ್ಲರಿ.”

“ಮತ್ತ ಸುಮ್ಮ ಇರು.”

“ಸುಮ್ಮನ ಇದ್ದೀನ್ರಿ,” ಎಂದಳು, ನನ್ನನ್ನೇ ನೋಡುತ್ತ.