ನನ್ನ ತಲೆಯ ಮೇಲೆ ಬಂದ ಅಮೆರಿಕದ ಕಾನೂನು

ನನ್ನನ್ನು ಫೈನಲ್ ಪಂದ್ಯದಿಂದ ಹೊರಗೆ ಕೂರಿಸಿದ ಕಾನೂನನ್ನು ಮಧುಗಿರಿಯ ಕಬಡ್ಡಿ ಅಂಕಣಕ್ಕೆ ಕೈಹಿಡಿದು ಕರೆತಂದ ದಡ್ಡ ನಾನೇ, ಬೇರೆ ಯಾರೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ನಮ್ಮೂರಿನವರು "ಇಷ್ಟೊತ್ತು ಯಾಕ್ಲಾ ಮುಚ್ಚಿಟ್ಟಿದ್ದೆ" ಎಂದು ಇನ್ನೊಂದು ಸುತ್ತು ಉಗಿಯುತ್ತಾರೆ.

ಸಿರಾದ ಒಂದು ಮೊಬೈಲ್ ಅಂಗಡಿಯಲ್ಲಿ ಒಡೆದ ಗಾಜು ಬದಲಿಸುವುದು ನನ್ನ ಕಸುಬು. ಕಂಡಕಂಡವರ ದನಿ ತೆಗೆಯುವುದು ನನ್ನ ಚಟ. ಕಳ್ಳಂಬೆಳ್ಳದ ಕೆರೆ ಏರಿಯ ಮೇಲೆ ಕುರಿ ಹೊಡೆದುಕೊಂಡು ಹೋಗುವ ಸೋದರಮಾವನಿಂದ ಹಿಡಿದು, ಅಂಗಡಿಗೆ ಬಂದು "ಭಾಯ್, ಡಿಸ್‌ಪ್ಲೇ ಖಲಾಸ್" ಅನ್ನುವ ಗಿರಾಕಿಯವರೆಗೆ ಯಾರನ್ನೂ ಬಿಟ್ಟವನಲ್ಲ. ನನ್ನ ಸ್ವಂತ ದನಿ ಮಾತ್ರ ನನಗೇ ಸರಿಯಾಗಿ ಬರುವುದಿಲ್ಲ. ನಾನು ಫೋನ್ ಮಾಡಿದರೆ ಅಮ್ಮ "ಇವತ್ತು ಯಾರಪ್ಪ ಮಾತಾಡ್ತಿರೋದು?" ಎಂದೇ ಶುರು ಮಾಡುತ್ತಾಳೆ.

ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಅಮೆರಿಕದ ಫುಟ್‌ಬಾಲ್ ಆಟದ ತುಣುಕೊಂದು ಕಣ್ಣಿಗೆ ಬಿತ್ತು. ಹೆಸರೇನೋ ಫುಟ್‌ಬಾಲು, ಆದರೆ ಚೆಂಡಿಗೂ ಕಾಲಿಗೂ ನಂಟು ಕಮ್ಮಿ. ಕದ್ದ ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡವನ ಹಾಗೆ ಒಬ್ಬ ಓಡುತ್ತಾನೆ, ಎದುರಿನವರು ಅವನನ್ನು ಕೆಡವುತ್ತಾರೆ. ತಲೆಗೆ ಹೆಲ್ಮೆಟ್ಟು, ಹೆಗಲಿಗೆ ಹಾಸಿಗೆ ಸುತ್ತಿದಂಥ ಪ್ಯಾಡು. ನೋಡಿದ ತಕ್ಷಣ ನನಗೆ ಅನ್ನಿಸಿದ್ದು, ಇದು ನಮ್ಮ ಕಬಡ್ಡಿಯೇ, ಚಳಿ ದೇಶ ಅಂತ ಬಟ್ಟೆ ಜಾಸ್ತಿ ಹಾಕಿದ್ದಾರೆ ಅಷ್ಟೇ. ಹತ್ತು ಗಜ ನೆಲ ಗಿಟ್ಟಿಸಿಕೊಳ್ಳಲು ಅವರಿಗೆ ನಾಲ್ಕು ಅವಕಾಶವಂತೆ. ಮಧುಗಿರಿ ಕೋರ್ಟಿನಲ್ಲಿ ಅದೇ ಕೆಲಸಕ್ಕೆ ನಾಲ್ಕು ತಲೆಮಾರು ಬೇಕು.

ಆ ತುಣುಕಿಗೆ ನಮ್ಮೂರ ದನಿ ಹಾಕಿ ಇಂಟರ್ನೆಟ್ಟಿಗೆ ಬಿಟ್ಟೆ. "ಲೇ, ಹಿಡ್ಕಳ್ಲಾ ಅವನ್ನ, ಬದು ದಾಟೋಯ್ತಾವ್ನೆ, ನಾಳೆ ಸರ್ವೇಯರ್ ಬಂದ್ರೂ ಬುಡಲ್ಲ ಅವ್ನು." ಜನ ಬಿದ್ದುಬಿದ್ದು ನಕ್ಕರು, ಇನ್ನೊಂದು ಮಾಡು ಅಂದರು. ನಾನೂ ಮಾಡುತ್ತಾ ಹೋದೆ.

ಮಾಡುತ್ತಾ ಹೋದಂತೆ ಒಂದು ವಿಷಯ ಗೊತ್ತಾಯಿತು. ಹಳೆಯ ತುಣುಕುಗಳಲ್ಲಿ ಅವರು ಟಗರುಗಳಂತೆ ತಲೆಗೆ ತಲೆ ಕೊಟ್ಟು ಗುದ್ದುತ್ತಾರೆ, ಬಿದ್ದವನು ಎದ್ದು ತೂರಾಡುತ್ತಾ ನಡೆದರೆ ಸ್ಟೇಡಿಯಂ ಚಪ್ಪಾಳೆ ಹೊಡೆಯುತ್ತದೆ. ಹೊಸ ತುಣುಕುಗಳಲ್ಲಿ ಹಾಗಿಲ್ಲ. ತಲೆ ತಗ್ಗಿಸಿ ಹೆಲ್ಮೆಟ್ಟಿನಿಂದ ಗುದ್ದಿದರೆ ಅಂಪೈರು ಹಳದಿ ಬಟ್ಟೆ ಎಸೆಯುತ್ತಾನೆ. ಓಡುವವನ ಸೊಂಟವನ್ನು ಹಿಂದಿನಿಂದ ತಬ್ಬಿ, ಮೈಭಾರವನ್ನೆಲ್ಲ ಅವನ ಕಾಲಿನ ಮೇಲೆ ಬಿಟ್ಟು ಕೆಡವುವಂತಿಲ್ಲ. ಆಟ ಶುರುವಾಗುವಾಗ ಎರಡೂ ಕಡೆಯವರು ದೂರದಿಂದ ಓಡಿಬಂದು ಡಿಕ್ಕಿ ಹೊಡೆಯುತ್ತಿದ್ದರು, ಈಗ ಹತ್ತಿರ ಹತ್ತಿರ ನಿಲ್ಲಿಸುತ್ತಾರೆ. ಕೆಲವರಂತೂ ಹೆಲ್ಮೆಟ್ಟಿನ ಮೇಲೆ ಇನ್ನೊಂದು ಮೆತ್ತನೆಯ ಟೋಪಿ ಹಾಕುತ್ತಾರೆ, ಮದುಮಗನ ಪೇಟದ ಮೇಲೆ ಬಾಸಿಂಗ ಕಟ್ಟಿದ ಹಾಗೆ. ತಲೆಗೆ ಏಟಾದವನನ್ನು ಗೆರೆಯಾಚೆ ಒಂದು ನೀಲಿ ಗುಡಾರದೊಳಗೆ ಕರೆದೊಯ್ಯುತ್ತಾರೆ. ತಂಡಕ್ಕೆ ಸೇರದ ಬೇರೆ ಡಾಕ್ಟರೂ ಅವನನ್ನು ನೋಡುತ್ತಾನೆ. ಆಗಲ್ಲ ಅಂದರೆ ಆಗಲ್ಲ, ಎಂಥಾ ಕೋಟಿವೀರನಾದರೂ ಬೆಂಚಿನ ಮೇಲೆ ಕೂರಬೇಕು.

ಅಲ್ಲಿಯ ಪ್ರೇಕ್ಷಕರಲ್ಲೂ ಆಟ ಮೆತ್ತಗಾಯಿತು, ಗಂಡಸುತನ ಹೋಯಿತು ಎಂದು ಬೈಯುವವರಿದ್ದಾರೆ. ನಾನು ಕೂಡಲೇ ಆ ಪಾರ್ಟಿಗೆ ಸೇರಿಕೊಂಡೆ. ಗುಡಾರದೊಳಗೆ ಹೋದವನಿಗೆ ಬಾಣಂತಿಯ ದನಿ ಹಾಕಿದೆ, ಡಾಕ್ಟರಿಗೆ ಸೂಲಗಿತ್ತಿಯ ದನಿ. "ಗಾಳಿ ಬಡಿದಾತು ಕಣಮ್ಮ, ಕಿವಿಗೆ ಹತ್ತಿ ಇಟ್ಕ." ಹೊಸ ಕಾನೂನು ಒಂದೊಂದಕ್ಕೂ ಒಂದೊಂದು ವಿಡಿಯೋ ಮಾಡಿದೆ. ಗೇಲಿ ಮಾಡಬೇಕಾದರೆ ಮೊದಲು ಕಾನೂನು ಏನು ಅಂತ ಹೇಳಬೇಕಲ್ಲ, ಅದನ್ನೂ ಬಿಡಿಸಿ ಬಿಡಿಸಿ ಹೇಳಿದೆ. ದಡ್ಡತನ ಅಂದರೆ ಇದೇ.

ನಾನು ಆಡುವುದು ಕಬಡ್ಡಿ. ಕಳ್ಳಂಬೆಳ್ಳದ ಕಡೆಯ ನಮ್ಮೂರ ತಂಡದಲ್ಲಿ ಎಡಮೂಲೆ ನನ್ನದು, ಬಂದವನ ಕಾಲು ಹಿಡಿಯುವುದು ಕೆಲಸ. ಕ್ಯಾಪ್ಟನ್ನು ನಮ್ಮ ದೊಡ್ಡಪ್ಪನ ಮಗ. ಅಣ್ಣನದು ಮಾತು ಕಮ್ಮಿ. ಅವನ ಮಿಮಿಕ್ರಿ ಬಹಳ ಸುಲಭ, ಬಾಯಿ ಮುಚ್ಚಿಕೊಂಡು ನೆಲ ನೋಡುತ್ತಾ ನಿಂತರೆ ಮುಗಿಯಿತು.

ತಲೆಗೆ ಏಟು ಬಿದ್ದವನಿಗೆ ನಮ್ಮ ಸೀಮೆಯಲ್ಲಿ ಮೊದಲಿಂದಲೂ ಒಂದು ಪರೀಕ್ಷೆ ಇದೆ. ತಲೆ ಮೇಲೆ ನೀರು ಸುರಿಯುವುದು, ಮೂಗಿಗೆ ಜಜ್ಜಿದ ಈರುಳ್ಳಿ ಹಿಡಿಯುವುದು, ಆಮೇಲೆ ಕೆನ್ನೆ ತಟ್ಟಿ "ಯಾವೂರ್ಲಾ ನಿಂದು?" ಎಂದು ಕೇಳುವುದು. ಅವನು ಬಾಯಿ ತೆರೆಯುವುದರೊಳಗೆ ಸುತ್ತ ನಿಂತ ಅಷ್ಟೂ ಜನ ಅವನ ಊರಿನ ಹೆಸರು ಕೂಗಿರುತ್ತಾರೆ. ಅವನು ತಲೆಯಾಡಿಸಿದರೆ ಪಾಸು, ಮತ್ತೆ ಅಂಕಣಕ್ಕೆ. ಇಲ್ಲಿಯವರೆಗೆ ಈ ಪರೀಕ್ಷೆಯಲ್ಲಿ ಫೇಲಾದವನನ್ನು ನಾನು ಕಂಡಿಲ್ಲ.

ಮಧುಗಿರಿಯ ಪಂದ್ಯದ ಬೆಳಿಗ್ಗೆ, ಬೆಟ್ಟದ ಬುಡದ ಮೈದಾನದಲ್ಲಿ ಮ್ಯಾಟ್ ಹಾಸಿ ಎಲ್ಲ ತಂಡಗಳನ್ನೂ ಸಾಲಾಗಿ ನಿಲ್ಲಿಸಿದರು. ಆ ಸಲದ ಮುಖ್ಯ ಅಂಪೈರು ಒಬ್ಬ ಪಿ.ಟಿ. ಮೇಡಂ, ಪಾವಗಡ ತಾಲ್ಲೂಕಿನವರು, ಮಾತಿನ ಮಧ್ಯೆ ತೆಲುಗು ಇಣುಕುವ ಕನ್ನಡ. ಮೈಕಿನಲ್ಲಿ ಹೇಳಿದರು: "ಈರುಳ್ಳಿ ಗೀರುಳ್ಳಿ ಇವತ್ತು ಸಾಂಬಾರಿಗೆ ಮಾತ್ರ. ತಲೆಗೆ ಏಟಾಗಿ ಕಣ್ಣು ಮಂಜಾದೋನು, ತೂರಾಡಿದೋನು ಅವತ್ತಿಡೀ ಆಡಂಗಿಲ್ಲ. ನಾನು ಹೇಳಿದ್ದೇ ಕಡೆ ಮಾತು." ಯಾರೋ ಎಲ್ಲಿಯ ಕಾನೂನು ಮೇಡಂ ಇದು ಎಂದರು. ಅವರು ಸಾಲಿನಲ್ಲಿ ನನ್ನನ್ನು ಹುಡುಕಿ ಬೆರಳು ತೋರಿಸಿದರು. "ಅಗೋ, ಆ ಹುಡುಗ ವಿಡಿಯೋ ಮಾಡ್ತಾನಲ್ಲ. ನೋಡಿ ನಾನೂ ಸಿಕ್ಕಾಪಟ್ಟೆ ನಕ್ಕೆ. ನಕ್ಕು ಮುಗಿದ ಮೇಲೆ, ಕಾನೂನು ಸರಿಯಾಗೇ ಐತಲ್ಲ ಅನ್ನಿಸ್ತು."

ನಾನು ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದು ನಮಸ್ಕಾರ ಮಾಡಿದೆ. ಚಪ್ಪಾಳೆ ಬಿತ್ತು. ಅವಮಾನಕ್ಕೂ ಚಪ್ಪಾಳೆ ಗಿಟ್ಟಿಸಿಕೊಳ್ಳುವ ಜಾತಿ ನಂದು.

ಸೆಮಿಫೈನಲ್ಲಿನಲ್ಲಿ ಕೊರಟಗೆರೆಯವರು ಎದುರಾದರು. ಕೊನೆಯ ಹೊತ್ತಿನಲ್ಲಿ ಅವರ ರೈಡರು ನನ್ನ ಮೂಲೆಗೆ ಬಂದ. ಬಗ್ಗಿ ಕಾಲಿಗೆ ಬಿದ್ದೆ, ಹಿಡಿ ಸಿಕ್ಕಿತು, ಅವನ ಮಂಡಿ ಬಂದು ನನ್ನ ಕಪಾಲಕ್ಕೆ ಬಡಿಯಿತು. ಆಮೇಲೆ ಮ್ಯಾಟು ಬಂದು ಇನ್ನೊಂದು ಕಡೆ ಬಡಿಯಿತು. ಆದರೂ ಕಾಲು ಬಿಡಲಿಲ್ಲವಂತೆ. ಗೆದ್ದೆವು.

ಆಮೇಲಿನದು ನನಗೆ ನೆನಪಿರುವುದು ಹೀಗೆ. ನೀರು ಸುರಿದರು. ಮೇಡಂ ಬೇಡವೆಂದರೂ ನಮ್ಮವನೊಬ್ಬ ಹಳೇ ಚಾಳಿಗೆ "ಯಾವೂರ್ಲಾ ನಿಂದು?" ಎಂದು ಕೇಳಿದ. ಬರೀ ಊರು ಹೇಳಿದರೆ ನಾನು ನಾನೇ ಅಲ್ಲವಲ್ಲ. ಎದ್ದುನಿಂತು ಸಿರಾ ಬಸ್ಸಿನ ಕಂಡಕ್ಟರ್ ಆದೆ. "ಬಡವನಹಳ್ಳಿ ಇಳಿಯೋರು ಮುಂದಕ್ ಬರ್ರೀ. ಮಧುಗಿರಿ, ಮಧುಗಿರಿ, ಕೋರ್ಟಿಗೋಗೋರು ಬಾಗಿಲತ್ರ ನಿಂತ್ಕಬ್ಯಾಡಿ, ಎಂಗಿದ್ರೂ ವಾಯ್ದೆ ಮುಂದಕ್ಕೇ ಹೋಯ್ತದೆ. ಚಿಲ್ಲರೆ ಕೊಡಮ್ಮೋ." ಜನ ಕೂಗಿಕೊಂಡು ನಕ್ಕರು. ಆಮೇಲೆ ಯಾಕೋ ಸುಮ್ಮನಾದರು. ಮೇಡಂಗೆ ಹೆದರಿಕೊಂಡರು ಎಂದುಕೊಂಡೆ. ಮೇಡಂ ಹತ್ತಿರ ಬಂದು ನನ್ನ ಕಣ್ಣು ನೋಡಿದರು.

"ಏಮಪ್ಪಾ, ಚಾಲು, ಸಾಕು. ಹೋಗಿ ನೆರಳಾಗೆ ಕೂತ್ಕ. ಇವತ್ತಿಗೆ ನಿನ್ನ ಆಟ ಮುಗೀತು."

ಫೈನಲ್ ಇದ್ದದ್ದು ಅದೇ ಮಧ್ಯಾಹ್ನ. ಎದುರಾಳಿ ಪಾವಗಡ ತಂಡ. ನಮ್ಮೂರ ತಂಡ ಫೈನಲ್ ಮುಟ್ಟಿದ್ದು ಅದೇ ಮೊದಲು. ಅವರ ದೊಡ್ಡ ರೈಡರು ನುಗ್ಗುವುದೇ ಎಡಮೂಲೆಗೆ. ಅವನನ್ನು ಹಿಡಿಯುವ ಕನಸನ್ನು ನಾನು ಎಷ್ಟು ಕಂಡಿದ್ದೆನೆಂದರೆ, ಕನಸಿನಲ್ಲಿ ಅವನ ಹಿಮ್ಮಡಿಯ ಬಿರುಕುಗಳೂ ಪರಿಚಯವಾಗಿದ್ದವು. ನೆರಳಲ್ಲಿ ಕೂರಲು ನಾನು ಬಂದಿರಲಿಲ್ಲ. ಫೈನಲ್ಲಿಗೆ ಸೀಟಿ ಊದುವ ಹೊತ್ತಿಗೆ ನಡೆದುಕೊಂಡು ಹೋಗಿ ಅಂಕಣದ ನಡುಗೆರೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಬೆಟ್ಟದ ಥರ ಕೂತೆ ಎಂದು ಬರೆಯಬಹುದಿತ್ತು. ಎದುರಿಗೇ ನಿಜವಾದ ಬೆಟ್ಟ ನಿಂತು ನೋಡುತ್ತಿತ್ತು, ಹೋಲಿಸಿಕೊಳ್ಳಲು ನಾಚಿಕೆಯಾಯಿತು.

"ನನ್ನ ಆಡಿಸೋಗಂಟ ಏಳಲ್ಲ" ಎಂದೆ. "ಮೇಡಂ, ಅದು ಹೆಲ್ಮೆಟ್ಟು ಹಾಕ್ಕೊಳೋರ ಕಾನೂನು. ನಾವು ಚಡ್ಡಿ ಬನೀನಿನ ಪಾರ್ಟಿ."

"ಹೆಲ್ಮೆಟ್ಟು ಹಾಕ್ಕೊಂಡೋರನ್ನೇ ಕೂರಿಸ್ತಾರೆ. ನಿನ್ನ ತಲೆ ಮೇಲೆ ಏನಪ್ಪಾ ಐತೆ? ಜೆಲ್ಲು."

ಜನ ನಕ್ಕರು. ನನಗೆ ಸೇರಬೇಕಾದ ನಗು ಅದು. ಅದನ್ನು ಇನ್ನೊಬ್ಬರು ಹೊಡೆದುಕೊಂಡು ಹೋದರೆ ನನಗೆ ಏಟಿಗಿಂತ ಜಾಸ್ತಿ ನೋವು.

"ನೀವು ಪಾವಗಡದೋರು. ಫೈನಲ್ ಆಡ್ತಿರೋರೂ ಪಾವಗಡದೋರೇ. ನಮ್ಗೇನು ಗೊತ್ತಾಗಲ್ವಾ?"

ಈ ಮಾತಿಗೆ ಸಿರಾ ಕಡೆಯವರೆಲ್ಲ ಸಿಳ್ಳೆ ಹಾಕಿದರು. ಮೇಡಂ ಮುಖ ಸ್ವಲ್ಪವೂ ಅಲುಗಲಿಲ್ಲ. "ಔನಪ್ಪಾ, ನಮ್ಮೋರೇ. ಗೆದ್ರೆ ಮನೇಲಿ ಹೋಳಿಗೆ ಮಾಡ್ತೀನಿ. ನಿನ್ನ ಮಾತ್ರ ಆಡ್ಸಲ್ಲ."

ಪಂದ್ಯ ನಡೆಸುವ ಸಂಘದ ಯಜಮಾನರು ಶಾಲು ಸರಿಮಾಡಿಕೊಳ್ಳುತ್ತಾ ಬಂದರು. "ಮೇಡಂ, ಹುಡ್ಗ ಚೆನ್ನಾಗೇ ಮಾತಾಡ್ತಾವ್ನೆ. ಜನ ಕಾಯ್ತಾವ್ರೆ. ಇದೊಂದ್ಸಲ ಬುಟ್ಬುಡಿ."

ಮೇಡಂ ಕೊರಳಿನಿಂದ ಸೀಟಿ ತೆಗೆದು ಅವರ ಮುಂದೆ ಹಿಡಿದರು. "ತಗೊಳ್ಳಿ. ನೀವೇ ಊದಿ. ಇವನು ಬಿದ್ರೆ ಇವರಮ್ಮನಿಗೆ ಫೋನೂ ನೀವೇ ಮಾಡಿ."

ಯಜಮಾನರು ಸೀಟಿಯನ್ನು ನೋಡಿದರು, ಅದು ಚೇಳೇನೋ ಎಂಬಂತೆ. ಶಾಲು ಇನ್ನೊಮ್ಮೆ ಸರಿಮಾಡಿಕೊಂಡು ಪೆಂಡಾಲಿಗೆ ವಾಪಸಾದರು.

ನಾನು ಏಳಲಿಲ್ಲ. ಅವತ್ತಿನ ನನ್ನ ವಾದವನ್ನು ಇವತ್ತಿಗೂ ಪೂರ್ತಿ ಬಿಟ್ಟುಕೊಟ್ಟಿಲ್ಲ, ಬರೆದೇ ಹೇಳುತ್ತೇನೆ. ತಲೆ ನಂದು. ಅದನ್ನು ಎಲ್ಲಿ ಇಡಬೇಕು ಎಂದು ತೀರ್ಮಾನ ಮಾಡುವವನು ನಾನು. ದಿನಾ ಬೆಳಿಗ್ಗೆ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಸಿರಾಕ್ಕೆ ಹೋಗುವಾಗ ಯಾವ ಅಂಪೈರೂ ಸೀಟಿ ಊದುವುದಿಲ್ಲ. ಸಾಹಸ ಮಾಡಬೇಕು, ಆದರೆ ಗೀರು ಕೂಡ ಆಗಬಾರದು ಎನ್ನುವವರು ಪಗಡೆ ಆಡಲಿ. ನೀಲಿ ಗುಡಾರವನ್ನು ನಾನು ಈಗಲೂ ಗೇಲಿ ಮಾಡುತ್ತೇನೆ, ಮುಂದೆಯೂ ಮಾಡುತ್ತೇನೆ. ಆ ಫೈನಲ್ ನಾವು ಸೋತೆವು, ನಾನು ಆಡಿದ್ದರೆ ಗೆಲ್ಲುತ್ತಿದ್ದೆವು ಎಂದು ಈಗಲೂ ಹೇಳುತ್ತೇನೆ. ಗುಡಾರದೊಳಗೆ ಕೂತವನು ಡಾಕ್ಟರಿಗೆ ಏನು ಹೇಳುತ್ತಾನೋ ನನಗೆ ಗೊತ್ತಿಲ್ಲ, ಕ್ಯಾಮೆರಾ ಅಲ್ಲಿಗೆ ಹೋಗುವುದಿಲ್ಲ. "ನಂಗೇನೂ ಆಗಿಲ್ಲ" ಎಂದೇ ಹೇಳುತ್ತಿರುತ್ತಾನೆ, ನನ್ನ ಹಾಗೆಯೇ, ಎದೆಯುಬ್ಬಿಸಿ, ಪೂರ್ತಿ ನಂಬಿಕೊಂಡು.

ನಮ್ಮ ಹುಡುಗರು ಇನ್ನೂ ನನ್ನ ಕಡೆಗೇ ಇದ್ದರು. ಇವನಿಲ್ಲದೆ ನಾವೂ ಆಡಲ್ಲ ಎಂದು ಇಬ್ಬರು ನನ್ನ ಪಕ್ಕದಲ್ಲೇ ಕೂತರು. ಅಣ್ಣ ಒಂದು ಹೂಂ ಅಂದರೆ ಸಾಕಿತ್ತು, ಇಡೀ ತಂಡ ಗೆರೆಯ ಮೇಲೆ ಕೂರುತ್ತಿತ್ತು, ಆಗ ಮೇಡಂ ಆದರೂ ಏನು ಮಾಡುತ್ತಿದ್ದರು? ಅಣ್ಣ ಅಷ್ಟು ಹೊತ್ತೂ ನೆಲ ನೋಡುತ್ತಾ ನಿಂತಿದ್ದ, ನಾನು ಅವನ ಮಿಮಿಕ್ರಿ ಮಾಡುವಾಗ ನಿಲ್ಲುವ ಹಾಗೆಯೇ.

"ಅಣ್ಣಾ, ನೀನೇ ಹೇಳಣ್ಣ ಇವರಿಗೆ" ಎಂದೆ. "ಎದ್ದ ಏಟಿಗೇ ಕಂಡಕ್ಟರ್ ಮಾಡ್ದೆ. ಎಲ್ಲಾರ್ನೂ ಎಂಗೆ ನಗಿಸ್ದೆ ನೋಡ್ದಲ್ಲ. ತಲೆ ಕೆಟ್ಟೋನು ಮಾಡೋ ಮಿಮಿಕ್ರಿನಾ ಅದು?"

ಅಣ್ಣ ತಲೆಯೆತ್ತಿದ. ನನ್ನ ಕಂಕುಳಿಗೆ ಕೈ ಹಾಕಿದ.

"ಮೂರು ಸಲ ಮಾಡ್ದೆ ಕಣ್ಲಾ. ಬಡವನಹಳ್ಳಿಯಿಂದ ಚಿಲ್ಲರೆಗಂಟ, ಅದ್ನೇ ಮೂರು ಸಲ. ಮೊದಲ್ನೇ ಸಲ ನಾನೂ ನಕ್ಕೆ. ಎರಡ್ನೇ ಸಲ ಸಾಕು ಬುಡ್ಲಾ ಅಂದೆ. ಮೂರ್ನೇ ಸಲಕ್ಕೆ ಒಬ್ರೂ ನಗ್ಲಿಲ್ಲ. ಏಳು ಮ್ಯಾಕೆ."