ಮೊದಲು ಒರೆಸಿದ ನೆಲ

ನೆಲದ ಮೇಲೆ ಧೂಳಿತ್ತು, ಅದು ನಿಜ. ಆದರೆ ನಾನು ಪೌಡರ್ ಡಬ್ಬಿ ತೆರೆಯುವ ಮೊದಲೇ ಇತ್ತೋ, ಆಮೇಲೆ ಬಿತ್ತೋ? ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ಧೂಳು ಮೊದಲೇ ಇತ್ತು. ಇಷ್ಟು ಸಲೀಸಾದ ಸಾಕ್ಷ್ಯವನ್ನು ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆ. ನಾನು ಪೊಲೀಸ್ ಇಲಾಖೆಯಲ್ಲಿ ಫಿಂಗರ್‌ಪ್ರಿಂಟ್ ಪರಿಣತ. ಕಳವಾದ ಮನೆಗೆ ಹೋಗಿ ಬಾಗಿಲು, ಬೀರುಗಳ ಮೇಲೆ ಬೂದು ಬಣ್ಣದ ನುಣ್ಣನೆಯ ಪೌಡರನ್ನು ಬ್ರಷ್‌ನಿಂದ ಸವರುವುದು ಕೆಲಸ. ಬೆರಳಿನ ಜಿಡ್ಡಿದ್ದಲ್ಲಿ ಪೌಡರ್ ಅಂಟಿ ಗೆರೆಗಳು ಮೂಡುತ್ತವೆ. ಉಳಿದದ್ದು ಕೆಳಗೆ ಉದುರುತ್ತದೆ.

ಯುಗಾದಿಯ ಹಿಂದಿನ ದಿನ ಬಸವನಗುಡಿಯ ಒಂದು ಮನೆಯಿಂದ ಕರೆ ಬಂತು. ಬೀರುವಿನಲ್ಲಿದ್ದ ಎರಡೆಳೆ ಸರ ಕಾಣೆ. ನಾನು ಹೋಗುವಷ್ಟರಲ್ಲಿ ಮನೆಗೆಲಸದ ರತ್ನಮ್ಮನನ್ನು ಹಿತ್ತಿಲ ಮೆಟ್ಟಿಲ ಮೇಲೆ ಕೂರಿಸಿದ್ದರು. ನನ್ನ ಕೆಲಸ ಮುಗಿದ ಕೂಡಲೇ ಅವಳನ್ನು ಸ್ಟೇಷನ್ನಿಗೆ ಕರೆದೊಯ್ಯಲು ಸಬ್ ಇನ್ಸ್‌ಪೆಕ್ಟರ್ ಕಾಯುತ್ತಿದ್ದರು.

ಮನೆಯೊಡತಿ ಕಮಲಮ್ಮ ಬಾಗಿಲಲ್ಲೇ ಎದುರಾದರು. "ಬನ್ನಿ ಸಾರ್. ನೀವು ಬರ್ತೀರಾಂತ ಎಲ್ಲಾ ಒರೆಸಿಟ್ಟಿದೀವಿ."

"ಎಲ್ಲಾನೂ?"

"ಮತ್ತೆ? ಹಬ್ಬದ ಮನೆ. ಕಸದ ಮಧ್ಯೆ ನಿಮ್ಮನ್ನ ಹೇಗೆ ಕೂರಿಸೋದು?"

ನೆಂಟರಿಗೆ ಮಾಡುವ ಮರ್ಯಾದೆಯನ್ನು ಪೊಲೀಸರಿಗೂ ಮಾಡಿದ್ದರು. ಬೀರುವಿನ ಹಿಡಿಯ ಮೇಲೆ ಬ್ರಷ್ ಆಡಿಸಿದೆ. ಬಟ್ಟೆ ಎಳೆದ ಗುರುತು ಬಿಟ್ಟರೆ ಏನೂ ಇಲ್ಲ.

ಸಬ್ ಇನ್ಸ್‌ಪೆಕ್ಟರ್ ಹಿತ್ತಿಲಿಗೆ ಹೋಗಿ ಗದರಿದರು. "ಬೀರು ಒರೆಸಿದ್ದು ನೀನೇ ತಾನೆ?"

"ಆ ರೂಮಿಗೆ ಕಾಲೇ ಇಟ್ಟಿಲ್ಲ ಸಾಮಿ. ನಡುಮನೆ, ಅಡುಗೆಮನೆ ನಾನೇ ಮಾಡಿದ್ದು. ಆ ರೂಮಿನ ಬಾಗ್ಲಿಗೆ ಬಕೆಟ್ ತಗೊಂಡು ಹೋದ್ರೆ ನೆಲ ಆಗ್ಲೇ ಒದ್ದೆ ಇತ್ತು."

"ನೆಲ ತಾನೇ ಒರೆಸ್ಕೊಳ್ತಾ?"

"ಹಂಗಾಗಿದ್ರೆ ನಂಗ್ಯಾಕೆ ಸಂಬಳ ಕೊಡ್ತಿದ್ರು?"

ನಾನು ಮನೆಯನ್ನು ಇನ್ನೊಮ್ಮೆ ಸುತ್ತಿದೆ. ನಡುಮನೆಯಲ್ಲಿ ಕ್ರಮ ಕಾಣುತ್ತಿತ್ತು. ಸೂರಿನ ಜೇಡರಬಲೆ ತೆಗೆದು, ಗೂಡುಗಳ ಧೂಳು ಕೊಡವಿ, ಗುಡಿಸಿ, ಕೊನೆಗೆ ಒಳಗಿನ ಮೂಲೆಯಿಂದ ಬಾಗಿಲ ಕಡೆಗೆ ಹಿಂದೆ ಸರಿಯುತ್ತ ನೆಲ ಒರೆಸಿದ್ದರು. ಬೀರುವಿನ ಕೋಣೆಯಲ್ಲಿ ಹಾಗಲ್ಲ. ಒರೆಸಿ ಒಣಗಿದ ಕೆಂಪು ನೆಲದ ಮೇಲೆ, ಬೀರುವಿನ ಬುಡದಲ್ಲಿ, ಬೂದು ಧೂಳಿನ ತೆಳು ಪದರ. ಮೊದಲು ನೆಲ ಒರೆಸಿ ಆಮೇಲೆ ಬೀರು ಒರೆಸಿದವರ ಕೆಲಸ. ದಿನವೂ ಪೊರಕೆ ಹಿಡಿಯುವವರು ಹಾಗೆ ಮಾಡುವುದಿಲ್ಲ.

ಅದನ್ನೇ ಹೇಳಿದೆ. "ಈ ರೂಮು ಒರೆಸಿದೋರು ಬೇರೆ."

ಕಮಲಮ್ಮ ನಕ್ಕರು. "ಬೇರೆ ಯಾರಿದಾರೆ ಸಾರ್? ನಾನು ಬೆಳಗ್ಗಿಂದ ಹಿತ್ತಾಳೆ ಪಾತ್ರೆ ಬಿಟ್ಟೆದ್ದಿಲ್ಲ. ನಮ್ಮನೆಯೋರಂತೂ ಕುಡಿದ ಕಾಫಿ ಲೋಟಾನೂ ಎತ್ತಿಡೋರಲ್ಲ." ಹೇಳುತ್ತಿದ್ದಂತೆ ಅವರ ನಗು ನಿಂತಿತು.

ಹೊಸ್ತಿಲಲ್ಲಿ ನಿಂತಿದ್ದ ಅವರ ಗಂಡ, ಕಾಲೇಜಿನ ಲೆಕ್ಚರರ್, ಕಿಟಕಿ ತೋರಿಸಿದರು. "ತೆಗೆದಿದೆಯಲ್ಲ. ಧೂಳು ಎಲ್ಲಿಂದಲಾದ್ರೂ ಬರುತ್ತೆ."

"ರೀ, ನಡುಮನೆ ಕಿಟಕೀನೂ ತೆಗೆದೇ ಇದೆ," ಎಂದು ಕಮಲಮ್ಮ ಗಂಡನನ್ನೇ ನೋಡಿದರು.

ಲೆಕ್ಚರರ್ ನನ್ನ ಕಡೆ ತಿರುಗಿದರು. "ಕಂಪ್ಲೇಂಟ್ ಬೇಡ ಬಿಡಿ. ನಾವೇ ಇನ್ನೊಂದ್ಸಲ ಹುಡುಕ್ತೀವಿ."

ರತ್ನಮ್ಮನನ್ನು ಬಿಟ್ಟರು. ಅವಳು ಸೆರಗು ಕೊಡವಿ ಎದ್ದಳು. ಕಮಲಮ್ಮ ಹಿಂದೆಯೇ ಹೋಗಿ, "ರತ್ನಾ, ನಾಳೆ ಬೇಗ ಬಾರೇ, ಹಬ್ಬ," ಎಂದರು.

"ನಾಳೆ ನಮ್ಮನೇಲೂ ಹಬ್ಬ ಐತೆ," ಎಂದು ಗೇಟು ದಾಟಿದಳು.

ಆಮೇಲಿನ ವರ್ಷಗಳಲ್ಲಿ ಯಾವ ಮನೆಗೆ ಹೋದರೂ, ಏನನ್ನೂ ಮುಟ್ಟುವ ಮೊದಲು ಹೊಸ್ತಿಲಲ್ಲಿ ನಿಂತು ನೆಲ ನೋಡುತ್ತಿದ್ದೆ, ಜೊತೆಗಿದ್ದವರಿಗೂ ತೋರಿಸುತ್ತಿದ್ದೆ. ಆ ಮನೆ ಕಲಿಸಿದ್ದು ಇಷ್ಟು. ಆ ಲೆಕ್ಚರರ್ ಹಿಂದೆಗೆದದ್ದು ಸಿಕ್ಕಿಬಿದ್ದ ಭಯಕ್ಕೋ, ಹೆಂಡತಿಯ ಆ ಒಂದು ನೋಟಕ್ಕೋ, ಹೇಳಲಾರೆ. ಸರ ಸಿಕ್ಕಿತೇ ಎಂದು ವಿಚಾರಿಸಲು ನಾನು ಹೋಗಲಿಲ್ಲ. ಆ ಬೂದು ಧೂಳು ನನ್ನ ಡಬ್ಬಿಯದೇ ಆಗಿದ್ದರೆ, ರತ್ನಮ್ಮ ಕದ್ದಿರಲಿಲ್ಲ ಎಂಬುದೂ ನನಗೆ ಖಚಿತವಿಲ್ಲ.