ಅರ ಹಾಕಿದ ಬೀಜ

ನರ್ಸರಿಯಲ್ಲಿ ಅವಳನ್ನು ಎಲ್ಲರೂ ಬೀಜದಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಹಾಲುವಾಣದ ಮರಗಳ ಜೊತೆ ಬಾಳಿದವಳು. ಒಂದು ತೊಟ್ಟಿಗೆ ಮೂರೇ ಎಲೆ, ಮೈತುಂಬ ಮುಳ್ಳು. ಎಲೆಯೆಲ್ಲ ಉದುರಿಸಿ ಬೋಳಾಗಿ ನಿಂತಾಗಲೇ ಕೆಂಡದಂಥ ಹೂ ಬಿಡುವ ಮರ ಅದು. ಆಮೇಲೆ ಕಾಯಿ, ಬೀಜಬೀಜದ ನಡುವೆ ಯಾರೋ ಚಿವುಟಿದಂತೆ ಸಣ್ಣಗಾದದ್ದು. ಆ ಕಾಯಿ ಕಂಡರೆ ಸಾಕು, ಹಾಲುವಾಣದ ಬಳಗದಲ್ಲಿ ಅದು ಯಾವ ಜಾತಿಯದೆಂದು ಹೇಳಿಬಿಡುತ್ತಿದ್ದಳು.

ಆ ಕೆಂಪು ಬೀಜದ ಸಿಪ್ಪೆಯೋ ಕಲ್ಲು. ಹಾಗೇ ಬಿತ್ತಿದರೆ ವರ್ಷ ಕಳೆದರೂ ಮೊಳೆಯದು. ಅದಕ್ಕೇ ಅದರ ಒಂದು ಬದಿಗೆ ಅರ ತಿಕ್ಕಿ, ಒಳಗಿನ ಬಿಳುಪು ಇಣುಕುವಷ್ಟು ಸವೆಸಬೇಕು. ನೀರು ಅಲ್ಲಿಂದ ಒಳಗೆ ಹೋಗುತ್ತದೆ. “ಬೀಜದಮ್ಮ ಬೀಜಕ್ಕೂ ಕ್ಷೌರ ಮಾಡ್ತಾಳೆ” ಎಂದು ಜೊತೆಯವರು ನಗುತ್ತಿದ್ದರು. ನಗಲಿ, ಅವಳು ಅರ ಹಾಕಿದ ಬೀಜ ಹುಸಿಹೋದದ್ದಿಲ್ಲ.

ಆ ಬೀಜದಲ್ಲಿ ವಿಷವಿದೆ. ಮನೆಗೆ ಒಯ್ದವರಿಗೆ ಮರುದಿನ ಕೆಲಸವಿಲ್ಲ ಎಂಬುದು ನರ್ಸರಿಯ ಕಟ್ಟಪ್ಪಣೆ. ಆದರೆ ಆ ವಾರ ಕೆಲಸ ಮುಗಿಯಲಿಲ್ಲ. ಒಂದು ಡಬ್ಬಿ ಬೀಜ ಕದ್ದುಮುಚ್ಚಿ ತಂದು, ಬೆಳಿಗ್ಗೆ ಹೊಸ್ತಿಲ ಬಳಿ ಕೂತು ತಿಕ್ಕಿದಳು. ಹಾಲು ಉಕ್ಕಿತೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಮೂರು ವರ್ಷದ ಮೊಮ್ಮಗಳು ಡಬ್ಬಿಯ ಪಕ್ಕ ಕೂತು ಬಾಯಿ ಒರೆಸಿಕೊಳ್ಳುತ್ತಿದ್ದಳು.

“ಏನ್ ತಿಂದೆ, ಪುಟ್ಟಿ?”

“ಕೆಂಪು ಗುಂಡು. ನುಂಗ್ಬಿಟ್ಟೆ.”

ಬೀಜದಮ್ಮ ಸೊಸೆಯನ್ನು ಕೂಗಿದಳು, ಕೂಗಿದ ಮೇಲೆ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿದಳು. “ಬೀದಿ ಮರದ ಕೆಳಗೆ ಸಿಕ್ಕಿರಬೇಕು ಕಣೇ” ಎಂದು ಸುಳ್ಳೂ ಆಡಿದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿನ ಬಾಯಿ ನೋಡಿದರು. “ಅಗಿದಿಲ್ಲ ತಾನೆ? ಹಾಗಾದ್ರೆ ಹೆದರಬೇಡಿ. ಸಿಪ್ಪೆ ಗಟ್ಟಿ ಇರುತ್ತೆ, ಹೇಗೆ ಹೋಯ್ತೋ ಹಾಗೇ ಹೊರಗೆ ಬರುತ್ತೆ. ಮನೆಗೆ ಕರ್ಕೊಂಡು ಹೋಗಿ.”

ಸೊಸೆ ಉಸಿರು ಬಿಟ್ಟು ಎದ್ದಳು. ಬೀಜದಮ್ಮ ಏಳಲಿಲ್ಲ. ಬಾಯಿ ಬಿಟ್ಟರೆ ಕೆಲಸ ಹೋಯಿತು, ಸೊಸೆಯ ಮುಂದೆ ಮುಖವೂ ಹೋಯಿತು. ಬಿಡದಿದ್ದರೆ, ಮಗುವಿನ ಹೊಟ್ಟೆಯಲ್ಲಿ ಬೀಜದ ಆ ಬಿಳಿ ಚುಕ್ಕೆಯಿಂದ ಈಗಲೇ ನೀರು ಒಳಗೆ ಇಳಿಯುತ್ತಿದೆ. ಕೊನೆಗೆ ಡಾಕ್ಟರಮ್ಮನ ಕಡೆ ತಿರುಗಿದಳು.

“ಡಾಕ್ಟ್ರಮ್ಮಾ, ಅದು ನಾನು ಅರ ಹಾಕಿದ ಬೀಜ. ಸಿಪ್ಪೆ ಸವೆಸಿದ್ದೀನಿ.”

ಡಾಕ್ಟರಮ್ಮನ ಪೆನ್ನು ನಿಂತಿತು. ಮಗುವನ್ನು ಮತ್ತೆ ಒಳಗೆ ಕರೆದೊಯ್ದರು. ಆ ವಿಷ ಏರಿದರೆ ಮೈಯ ಕಸುವು ಕುಂದುತ್ತದೆ, ಆದ್ದರಿಂದ ಅರ್ಧ ಗಂಟೆಗೊಮ್ಮೆ ಮಗುವಿನ ಕೈಗೆ ಬೆರಳು ಕೊಟ್ಟು ಹಿಡಿತ ನೋಡಬೇಕು, ಸಂಜೆ ಆರರವರೆಗೆ ಅದು ಸಡಿಲವಾಗದಿದ್ದರೆ ಗೆದ್ದಂತೆ ಎಂದರು.

“ನೀವು ಆ ಕಡೆ ಕೂತ್ಕೊಳ್ಳಿ ಅತ್ತೆ” ಎಂದಳು ಸೊಸೆ. ಅಷ್ಟೇ. ಬೈದಿದ್ದರೆ ಹಗುರವಾಗುತ್ತಿತ್ತು.

ಮಧ್ಯಾಹ್ನ ಕಳೆಯಿತು. ಪ್ರತಿ ಸಲ ಸೊಸೆ ಬೆರಳು ಚಾಚಿದಾಗ ಬೀಜದಮ್ಮ ಕೂತಲ್ಲಿಂದಲೇ ಮಗುವಿನ ಕೈಯನ್ನೇ ನೋಡುತ್ತಿದ್ದಳು. ಗಡಿಯಾರ ಆರು ಹೊಡೆಯುವ ಹೊತ್ತಿಗೆ ಸೊಸೆ ತಿರುಗಿದಳು.

“ನನ್ನ ಕೈಯೇ ನಡುಗ್ತಿದೆ ಅತ್ತೆ. ಗೊತ್ತಾಗ್ತಿಲ್ಲ. ನೀವು ನೋಡಿ.”

ಬೀಜದಮ್ಮ ಬೆರಳು ಕೊಟ್ಟಳು. ಪುಟ್ಟ ಮುಷ್ಟಿ ಮೆಲ್ಲಗೆ ಮುಚ್ಚಿಕೊಂಡಿತು, ಎಷ್ಟು ಮೆಲ್ಲಗೆಂದರೆ ಕಸುವು ಇದೆಯೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

“ಒತ್ತು ಪುಟ್ಟಿ.”

“ಅಜ್ಜಿಗೆ ನೋಯುತ್ತೆ.”

“ನೋಯಲಿ, ಒತ್ತೇ.”

ಉಗುರು ಚರ್ಮಕ್ಕೆ ನಾಟಿತು. ಇನ್ನೂ ಜೋರಾಗಿ ಎಂದಳು ಬೀಜದಮ್ಮ, ಇನ್ನೂ ಜೋರಾಗಿ.